ಕೇಳಿಸಿಕೊಳ್ಳಲು ಕ್ಯಾಮೆರಾ ಹಿಡಿದ ನಟಿ

ಪರದೆಯ ಮೇಲೆ ಜೇನ್ ಫಾಂಡಾ. ಕಪ್ಪು-ಬಿಳುಪು ವಿಡಿಯೊ ಚಿತ್ರ, ಕೊಂಚ ಮಸುಕು ಮಸುಕು. ಹಾಲಿವುಡ್ಡಿನ ಈ ತಾರೆ ಫ್ರೆಂಚಿನಲ್ಲಿ ಮಾತಾಡುತ್ತಿದ್ದಾರೆ. ವಾರ್ನರ್ ಸ್ಟುಡಿಯೊದಲ್ಲಿ ತಮ್ಮ ಮೊದಲ ಮೇಕಪ್ ಪರೀಕ್ಷೆ ನಡೆದ ದಿನವನ್ನು ನೆನೆಯುತ್ತಿದ್ದಾರೆ. ಕುರ್ಚಿಯಲ್ಲಿ ಕೂರಿಸಿ, ಪರಿಣತರು ಮುಖವನ್ನು ತಪಾಸಣೆ ಮಾಡಿದರಂತೆ. ಬಣ್ಣ ಹಚ್ಚಿ ಮುಗಿದ ಮೇಲೆ ಕನ್ನಡಿ ನೋಡಿಕೊಂಡರೆ ಅಲ್ಲಿದ್ದವಳು ಯಾರೆಂದೇ ಗೊತ್ತಾಗಲಿಲ್ಲವಂತೆ. ಕೆನ್ನೆ ಒಳಗೆ ಹೋಗಬೇಕಾದರೆ ದವಡೆ ಮುರಿಸಿ ಸರಿಮಾಡಿಸಿಕೊಳ್ಳುವುದು ಒಳ್ಳೆಯದೆಂದು ಸಲಹೆ ಬಂತಂತೆ. ಕೂದಲಿಗೆ ಹೊಂಬಣ್ಣ ಬೇಕು, ಎದೆಗೆ ಕೃತಕ ಉಬ್ಬು ಬೇಕು ಎಂದರಂತೆ. ನಡೆದದ್ದನ್ನು ಫಾಂಡಾ ನಡೆದ ಹಾಗೆಯೇ ಹೇಳಿಕೊಂಡು ಹೋಗುತ್ತಾರೆ.

ಅವರಿಂದ ಈ ಮಾತು ಹೊರಡಿಸಿದವರು ಪತ್ರಕರ್ತೆಯಲ್ಲ, ಸಂಶೋಧಕಿಯೂ ಅಲ್ಲ. ಅವರೂ ನಟಿಯೇ, ಅದೂ ಎಂಥ ನಟಿ! ಫ್ರೆಂಚ್ ಕಲಾತ್ಮಕ ಸಿನಿಮಾದ ಮುಖವೆಂದರೆ ಇವರೇ ಎಂದು ಯುರೋಪು ಹದಿನೈದು ವರ್ಷ ಕೊಂಡಾಡಿದ್ದ ಡೆಲ್ಫೀನ್ ಸೆರಿಗ್. 1975-76ರಲ್ಲಿ ಅವರು ಲಾಸ್ ಏಂಜಲೀಸ್ ಮತ್ತು ಪ್ಯಾರಿಸ್ಸಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ನಟಿಯರನ್ನು ಹೀಗೆ ಕೂರಿಸಿಕೊಂಡು ಮಾತಾಡಿಸಿದರು. ಗಂಡಾಗಿ ಹುಟ್ಟಿದ್ದರೂ ಈ ವೃತ್ತಿಗೇ ಬರುತ್ತಿದ್ದಿರಾ? ಇನ್ನೊಬ್ಬ ಹೆಣ್ಣಿನೊಡನೆ ಅಕ್ಕರೆಯ ದೃಶ್ಯವೊಂದರಲ್ಲಿ ಯಾವತ್ತಾದರೂ ನಟಿಸಿದ್ದೀರಾ? ಇಂಥ ಸರಳ ಪ್ರಶ್ನೆಗಳು. ಎರಡನೆಯ ಪ್ರಶ್ನೆಗೆ ಒಬ್ಬರಾದ ಮೇಲೊಬ್ಬರು ತಡವರಿಸುವುದನ್ನು ನೋಡುವಾಗ, ನಾವು ಇಷ್ಟು ವರ್ಷ ನೋಡಿಕೊಂಡು ಬಂದ ಸಿನಿಮಾಗಳೆಲ್ಲ ನೆನಪಿಗೆ ಬಂದು ನಿಲ್ಲುತ್ತವೆ. ಈ ಚಿತ್ರದ ಹೆಸರು 'ಚೆಂದವಾಗಿರು, ಬಾಯಿ ಮುಚ್ಚಿಕೊಂಡಿರು'. 1958ರಲ್ಲಿ ಮಾರ್ಕ್ ಅಲೆಗ್ರೆ ತೆಗೆದಿದ್ದ ಒಂದು ಫ್ರೆಂಚ್ ಚಿತ್ರದ ಹೆಸರನ್ನೇ ಸೆರಿಗ್ ಕಿತ್ತುಕೊಂಡು ತಮ್ಮದಕ್ಕೆ ಇಟ್ಟರು.

ಸೆರಿಗ್ ಅವರ ವೃತ್ತಿಜೀವನವನ್ನು ಸಾಮಾನ್ಯವಾಗಿ ಎರಡು ಹೋಳು ಮಾಡಿ ಹೇಳುತ್ತಾರೆ: ಮೊದಲು ತಾರೆ, ಆಮೇಲೆ ಹೋರಾಟಗಾರ್ತಿ. ನನಗೆ ಹಾಗೆ ಕಾಣುವುದಿಲ್ಲ. ಮಾತಾಡುವವರು ಯಾರು, ಮಾತಾಡಿಸಿಕೊಳ್ಳುವವರು ಯಾರು ಎಂಬ ಒಂದೇ ಪ್ರಶ್ನೆ ಅವರ ಮೊದಲ ಚಿತ್ರದಿಂದ ಕೊನೆಯವರೆಗೂ ಬೆನ್ನಿಗೆ ಬಿದ್ದಿತ್ತು. ಅದನ್ನು ಅವರು ಮೊದಲು ದೇಹದಲ್ಲಿ ಅನುಭವಿಸಿದರು, ಆಮೇಲೆ ಕ್ಯಾಮೆರಾ ಹಿಡಿದು ಕೇಳಿದರು.

ಹುಟ್ಟಿದ್ದು 1932ರ ಏಪ್ರಿಲ್ 10ರಂದು, ಬೇರೂತಿನಲ್ಲಿ. ತಂದೆ ಆನ್ರಿ ಸೆರಿಗ್ ಪುರಾತತ್ತ್ವಜ್ಞರು. ಸಿರಿಯಾ ಮತ್ತು ಲೆಬನಾನ್ ಫ್ರೆಂಚರ ಆಡಳಿತದಲ್ಲಿದ್ದಾಗ ಅಲ್ಲಿನ ಪ್ರಾಚ್ಯವಸ್ತು ಇಲಾಖೆಯ ಮುಖ್ಯಸ್ಥರಾಗಿದ್ದವರು. ತಾಯಿ ಎರ್ಮಿನ್ ದ ಸೊಸ್ಯೂರ್ ಸ್ವಿಟ್ಜರ್ಲೆಂಡಿನವರು, ಭಾಷಾವಿಜ್ಞಾನಿ ಸೊಸ್ಯೂರನ ಮನೆತನ. ಹಾಯಿದೋಣಿ ನಡೆಸುತ್ತ ಮೆಡಿಟರೇನಿಯನ್ ಸಮುದ್ರ ಸುತ್ತಿದ ಗಟ್ಟಿಗಿತ್ತಿ. ಮಹಾಯುದ್ಧದ ಕಾಲದಲ್ಲಿ ತಂದೆ ಸ್ವತಂತ್ರ ಫ್ರಾನ್ಸಿನ ಪರವಾಗಿ ನ್ಯೂಯಾರ್ಕಿಗೆ ಹೋದದ್ದರಿಂದ ಹುಡುಗಿಗೆ ಇಂಗ್ಲಿಷ್ ಎರಡನೆಯ ಮನೆಮಾತಾಯಿತು. ಫ್ರಾನ್ಸಿನ ಸೇಂತ್-ಎತಿಯೆನ್ ಮತ್ತು ಸ್ಟ್ರಾಸ್‌ಬೂರ್ಗ್‌ನ ರಂಗತಂಡಗಳಲ್ಲಿ ಪಳಗಿ, ಅಮೆರಿಕದ ಚಿತ್ರಕಾರ ಜ್ಯಾಕ್ ಯಂಗರ್‌ಮನ್ ಅವರನ್ನು ಮದುವೆಯಾಗಿ, 1956ರಲ್ಲಿ ಮತ್ತೆ ನ್ಯೂಯಾರ್ಕಿಗೆ. ಮ್ಯಾನ್‌ಹಟನ್ನಿನ ದಕ್ಷಿಣ ತುದಿಯ ಕೊಯೆಂಟೀಸ್ ಸ್ಲಿಪ್ ಎಂಬ ಹಳೆಯ ಬಂದರು ಬೀದಿಯಲ್ಲಿ ಬಿಡಾರ. ನೆರೆಹೊರೆಯವರು ಎಲ್ಸ್‌ವರ್ತ್ ಕೆಲಿ, ಆಗ್ನೆಸ್ ಮಾರ್ಟಿನ್, ರಾಬರ್ಟ್ ಇಂಡಿಯಾನಾ. ಮುಂದೆ ಅಮೆರಿಕನ್ ಚಿತ್ರಕಲೆಯ ಇತಿಹಾಸದಲ್ಲಿ ದೊಡ್ಡ ಅಕ್ಷರದಲ್ಲಿ ಬರೆಯಲ್ಪಟ್ಟ ಹೆಸರುಗಳು, ಆಗಿನ್ನೂ ಬಾಡಿಗೆಗೆ ಪರದಾಡುತ್ತಿದ್ದವು.

ಅವರ ಮೊದಲ ಚಿತ್ರ ಬಂದದ್ದು ಅಲ್ಲಿಂದಲೇ. 1959ರ 'ಪುಲ್ ಮೈ ಡೇಯ್ಸಿ', ರಾಬರ್ಟ್ ಫ್ರಾಂಕ್ ಮತ್ತು ಆಲ್ಫ್ರೆಡ್ ಲೆಸ್ಲಿ ತೆಗೆದ ಪುಟ್ಟ ಚಿತ್ರ. ಅದರಲ್ಲಿ ಅಲೆನ್ ಗಿನ್ಸ್‌ಬರ್ಗ್, ಗ್ರೆಗರಿ ಕೊರ್ಸೊ ಮುಂತಾದ ಬೀಟ್ ಕವಿಗಳು ಒಂದು ಮನೆಗೆ ನುಗ್ಗಿ ಗದ್ದಲ ಎಬ್ಬಿಸುತ್ತಾರೆ. ಸೆರಿಗ್ ಆ ಮನೆಯ ಗೃಹಿಣಿ. ಚಿತ್ರದಲ್ಲಿ ಯಾರ ಮಾತೂ ಕೇಳಿಸುವುದಿಲ್ಲ. ಎಲ್ಲರ ಪರವಾಗಿ ಹಿನ್ನೆಲೆಯಲ್ಲಿ ಜ್ಯಾಕ್ ಕೆರೊವಾಕ್ ಒಬ್ಬನೇ ಮಾತಾಡುತ್ತಾನೆ. ಅತಿಥಿಗಳ ಹಾವಳಿಗೆ ರೇಗಿದ ಹೆಂಡತಿಯ ಸಿಟ್ಟು ಕೂಡ ಗಂಡಸಿನ ದನಿಯಲ್ಲೇ ಹೊರಡುತ್ತದೆ. ಮುಂದೆ ದನಿಗಾಗಿಯೇ ಹೆಸರಾಗಲಿದ್ದ ನಟಿ ಸಿನಿಮಾಕ್ಕೆ ಕಾಲಿಟ್ಟದ್ದು ಹೀಗೆ, ದನಿಯಿಲ್ಲದೆ.

ನ್ಯೂಯಾರ್ಕಿನ ರಂಗಮಂದಿರದಲ್ಲಿ ಅವರು ಇಬ್ಸನ್ನನ 'ಜನತೆಯ ಶತ್ರು' ನಾಟಕದಲ್ಲಿ ನಟಿಸುತ್ತಿದ್ದಾಗ ನೋಡಿದವರು ನಿರ್ದೇಶಕ ಅಲೆನ್ ರೆನೆ. (ಇದೇ ನಾಟಕವನ್ನು ಸತ್ಯಜಿತ್ ರಾಯ್ 'ಗಣಶತ್ರು' ಮಾಡಿದರು.) ರೆನೆ ಅವರನ್ನು ತಮ್ಮ ಮುಂದಿನ ಚಿತ್ರಕ್ಕೆ ಕರೆದರು. ಅದು 'ಕಳೆದ ವರ್ಷ ಮಾರಿಯನ್‌ಬಾದ್‌ನಲ್ಲಿ'. 1961ರಲ್ಲಿ ವೆನಿಸ್ ಉತ್ಸವದ ಚಿನ್ನದ ಸಿಂಹ ಗೆದ್ದ ಈ ಚಿತ್ರದ ಬಗ್ಗೆ ಅರವತ್ತು ವರ್ಷಗಳಿಂದ ಜಗಳ ನಡೆಯುತ್ತಲೇ ಇದೆ. ಮ್ಯೂನಿಕ್ ಸುತ್ತಮುತ್ತಲಿನ ಅರಮನೆಗಳಲ್ಲಿ ಚಿತ್ರೀಕರಿಸಿದ ಒಂದು ಭವ್ಯ ಹೋಟೆಲು. ಮುಗಿಯದ ಮೊಗಸಾಲೆಗಳು, ಕನ್ನಡಿಗಳು. ಉದ್ಯಾನದಲ್ಲಿ ನಿಂತ ಜನರಿಗೆ ನೆರಳಿದೆ, ಕತ್ತರಿಸಿ ನಿಲ್ಲಿಸಿದ ಗಿಡಗಳಿಗೆ ನೆರಳಿಲ್ಲ. ಪಾತ್ರಗಳಿಗೆ ಹೆಸರೂ ಇಲ್ಲ. ಅಲೆನ್ ರೋಬ್-ಗ್ರಿಯೆ ಬರೆದ ಚಿತ್ರಕಥೆಯಲ್ಲಿ ಅವು ಬರೀ ಅಕ್ಷರಗಳು. ಒಬ್ಬ ಗಂಡಸು ಒಬ್ಬ ಹೆಣ್ಣಿಗೆ ಹೇಳುತ್ತಾನೆ: ನಾವು ಕಳೆದ ವರ್ಷ ಭೇಟಿಯಾಗಿದ್ದೆವು, ನೀನು ನನ್ನೊಡನೆ ಬರುವುದಾಗಿ ಮಾತು ಕೊಟ್ಟಿದ್ದೆ. ಅವಳು ಇಲ್ಲ ಎನ್ನುತ್ತಾಳೆ. ಅವನು ಬಿಡುವುದಿಲ್ಲ. ಅವಳು ಎಲ್ಲಿ ನಿಂತಿದ್ದಳು, ಕೈ ಎಲ್ಲಿಟ್ಟಿದ್ದಳು, ಯಾವ ಉಡುಪು ತೊಟ್ಟಿದ್ದಳು ಎಂದು ಒಂದೊಂದನ್ನೇ ಹೇಳುತ್ತ ಹೋಗುತ್ತಾನೆ. ಅವನು ಹೇಳಿದಂತೆ ಪರದೆಯ ಮೇಲಿನ ಅವಳು ಬದಲಾಗುತ್ತ ಹೋಗುತ್ತಾಳೆ.

ಈ ಚಿತ್ರವನ್ನು ಕಾಲ ಮತ್ತು ನೆನಪಿನ ಒಗಟು ಎಂದು ಬಿಡಿಸಲು ಹೋದವರು ಸಾವಿರ ಜನ. ಸೆರಿಗ್ ಅವರ ಮುಂದಿನ ಬದುಕನ್ನು ತಿಳಿದು ನೋಡಿದರೆ ಅದು ಬೇರೆಯೇ ಕಥೆಯಾಗುತ್ತದೆ. ಹೆಣ್ಣಿನ ನೆನಪನ್ನು ಗಂಡಸು ಬರೆಯುತ್ತಿದ್ದಾನೆ. ಅವಳ ಇಲ್ಲ ಎಂಬ ಮಾತಿಗೆ ಅಲ್ಲಿ ಬೆಲೆಯೇ ಇಲ್ಲ. ಕೊಕೊ ಶನೆಲ್ ಹೊಲಿದ ಉಡುಪುಗಳು, ಕಿವಿಯ ಮೇಲೆ ಕತ್ತರಿಸಿದ ಕೂದಲು, ಭುಜಕ್ಕೆ ಅಡ್ಡ ಹಿಡಿದ ಕೈ: ಇವು ಒಂದು ಕಾಲದ ಫ್ಯಾಶನ್ನನ್ನೇ ನಿರ್ಧರಿಸಿದವು. ಸೆರಿಗ್ ಆ ಬೊಂಬೆತನವನ್ನು ಎಷ್ಟು ನಿಖರವಾಗಿ ಆಡಿದರೆಂದರೆ, ಜನ ಅದನ್ನೇ ಅವರ ಸ್ವಭಾವ ಎಂದುಕೊಂಡರು. ನಟನೆಯ ಗೆಲುವೇ ನಟಿಗೆ ಪಂಜರವಾಯಿತು.

ಅದನ್ನು ಮುರಿಯಲು ಅವರು ತಡಮಾಡಲಿಲ್ಲ. ಎರಡೇ ವರ್ಷಕ್ಕೆ ಅದೇ ರೆನೆಯ 'ಮ್ಯೂರಿಯೆಲ್'ನಲ್ಲಿ, ಮೂವತ್ತೊಂದರ ಹರೆಯದ ಅವರು ತಮಗಿಂತ ಎಷ್ಟೋ ದೊಡ್ಡ ವಯಸ್ಸಿನ ಎಲೆನ್ ಆದರು. ಬುಲೋನ್-ಸುರ್-ಮೇರ್ ಎಂಬ ಕರಾವಳಿ ಊರು, ಯುದ್ಧದಲ್ಲಿ ನುಚ್ಚುನೂರಾಗಿ ಹೊಸದಾಗಿ ಕಟ್ಟಿದ್ದು. ಎಲೆನ್ ಮನೆಯಲ್ಲೇ ಹಳೆಯ ಪೀಠೋಪಕರಣ ಮಾರುವ ವಿಧವೆ. ಊಟಕ್ಕೆ ಕೂತ ಮೇಜು ನಾಳೆ ಇರುತ್ತದೋ ಇಲ್ಲವೋ ಗೊತ್ತಿಲ್ಲ. ಅವಳ ಮಲಮಗ ಅಲ್ಜೀರಿಯಾದ ಯುದ್ಧದಿಂದ ಮರಳಿದ್ದಾನೆ. ಅಲ್ಲಿ ಅವನ ಸಂಗಾತಿ ಸೈನಿಕರು ಚಿತ್ರಹಿಂಸೆ ಕೊಟ್ಟ ಹುಡುಗಿಯೇ ಮ್ಯೂರಿಯೆಲ್. ಚಿತ್ರದ ಹೆಸರು ಅವಳದ್ದು, ಆದರೆ ಅವಳು ಒಮ್ಮೆಯೂ ಕಾಣಿಸುವುದಿಲ್ಲ. ಸೆರಿಗ್ ಇಲ್ಲಿ ಅರ್ಧ ಮಾತಿಗೇ ನಿಲ್ಲುತ್ತಾರೆ, ಕೋಟಿನ ಗುಂಡಿಯೊಡನೆ ಗುದ್ದಾಡುತ್ತಾರೆ, ನಡೆಯುವಾಗಲೂ ಏನೋ ಮರೆತವರಂತೆ ನಡೆಯುತ್ತಾರೆ. 1963ರ ವೆನಿಸ್ ಉತ್ಸವದಲ್ಲಿ ಶ್ರೇಷ್ಠ ನಟಿ ಪ್ರಶಸ್ತಿ ಬಂದದ್ದು ಈ ಪಾತ್ರಕ್ಕೆ. ಮಾರಿಯನ್‌ಬಾದ್‌ನ ಬೆಡಗಿಗಿಂತ ಎಲೆನ್ ದೊಡ್ಡ ಸಾಧನೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಇನ್ನು ಆ ದನಿ. ತಗ್ಗಿನದು, ಸ್ವಲ್ಪ ಒಡೆದದ್ದು, ಪದದ ಕೊನೆಯ ಅಕ್ಷರವನ್ನು ಬಿಡಲು ಮನಸ್ಸಿಲ್ಲದಂತೆ ಎಳೆಯುವುದು. ಫ್ರೆಂಚ್ ವಿಮರ್ಶಕರು ಅದನ್ನು ಚೆಲ್ಲೊ ವಾದ್ಯಕ್ಕೆ ಹೋಲಿಸಿ ದಣಿದಿದ್ದಾರೆ. ಫ್ರಾಂಸ್ವಾ ತ್ರುಫೊ 1968ರ 'ಕದ್ದ ಮುತ್ತುಗಳು' ಚಿತ್ರದಲ್ಲಿ ಈ ಮೋಹದ ಜೊತೆಗೇ ಆಟವಾಡಿದರು. ಚಪ್ಪಲಿ ಅಂಗಡಿ ಮಾಲೀಕನ ಹೆಂಡತಿ ಫಾಬಿಯೆನ್ ಆಗಿ ಸೆರಿಗ್, ಅವಳನ್ನು ನೋಡಿ ಮರುಳಾದ ಪಡ್ಡೆ ಹುಡುಗ ಆಂತ್ವಾನ್ ಆಗಿ ಝಾನ್-ಪಿಯರ್ ಲಿಯೊ. ಅವಳೊಡನೆ ಕಾಫಿ ಕುಡಿಯುತ್ತ ಗಾಬರಿಯಲ್ಲಿ ಹುಡುಗ 'ಹೌದು ಸಾರ್' ಎಂದುಬಿಡುತ್ತಾನೆ, ನಾಚಿ ಓಡುತ್ತಾನೆ. ಅವಳು ಮನುಷ್ಯಳೇ ಅಲ್ಲ, ದರ್ಶನ ಎಂಬುದು ಅವನ ಎಣಿಕೆ. ಒಂದು ಬೆಳಿಗ್ಗೆ ಫಾಬಿಯೆನ್ ತಾನಾಗಿ ಅವನ ಕೋಣೆಗೆ ಬಂದು, ನಾನು ದರ್ಶನವಲ್ಲ, ಹೆಂಗಸು ಎಂದು ತಿದ್ದುತ್ತಾಳೆ. ತ್ರುಫೊ ಈ ದೃಶ್ಯ ಬರೆದದ್ದು ಪ್ರೇಮದ ಲಹರಿಯಲ್ಲಿ. ಸೆರಿಗ್ ಆ ಸಾಲನ್ನು ಹೇಳುವ ರೀತಿಯಲ್ಲಿ ಅದಕ್ಕಿಂತ ಹೆಚ್ಚಿನದು ಇದೆ.

ಆ ವರ್ಷಗಳ ಉಳಿದ ಪಾತ್ರಗಳು ಒಂದೇ ಉಸಿರಿಗೆ ಸಿಗುವಂಥವಲ್ಲ. ಬುನ್ಯುಯೆಲ್‌ರ 'ಮಧ್ಯಮವರ್ಗದ ಮರ್ಯಾದಸ್ಥ ಮೋಡಿ', ಬೆಲ್ಜಿಯಮ್ಮಿನ ಚಿತ್ರವೊಂದರ ರಕ್ತಪಿಶಾಚಿ ಕೌಂಟೆಸ್, 'ಡೇ ಆಫ್ ದ ಜಾಕಲ್'ನ ಶ್ರೀಮಂತೆ, ಪ್ಯಾರಿಸ್ಸಿನ ರಂಗದ ಮೇಲೆ ಪಿಂಟರ್ ನಾಟಕಗಳು. ಝಾಕ್ ದೆಮಿಯ 'ಕತ್ತೆ ಚರ್ಮ'ದಲ್ಲಿ ಯಕ್ಷಿಯಾಗಿ ಹಾಡಿದರು. ಹಾಡಿದ್ದು ಮಾತ್ರ ಬೇರೊಬ್ಬರ ಕಂಠ, ಕ್ರಿಸ್ತಿಯಾನ್ ಲೆಗ್ರಾಂದ್ ಅವರದು.

1971ರ ಏಪ್ರಿಲ್ 5ರಂದು 'ನುವೆಲ್ ಅಬ್ಸರ್ವಾತರ್' ವಾರಪತ್ರಿಕೆ ಒಂದು ಹೇಳಿಕೆ ಪ್ರಕಟಿಸಿತು. ನಾನು ಗರ್ಭಪಾತ ಮಾಡಿಸಿಕೊಂಡಿದ್ದೇನೆ ಎಂದು 343 ಮಹಿಳೆಯರು ಬಹಿರಂಗವಾಗಿ ಸಹಿ ಹಾಕಿದ್ದರು. ಫ್ರಾನ್ಸಿನಲ್ಲಿ ಅದು ಅಪರಾಧವಾಗಿದ್ದ ಕಾಲ. ಹೇಳಿಕೆ ಬರೆದವರು ಸಿಮೋನ್ ದ ಬೊವಾ; ಸಹಿ ಮಾಡಿದವರಲ್ಲಿ ಕ್ಯಾಥರೀನ್ ದೆನೆವ್, ಝಾನ್ ಮೊರೊ, ಆಗ್ನೆಸ್ ವಾರ್ದಾ ಜೊತೆ ಸೆರಿಗ್ ಕೂಡ ಇದ್ದರು. ಅವರು ಸಹಿಗೇ ನಿಲ್ಲಲಿಲ್ಲ. ಸುರಕ್ಷಿತ ಗರ್ಭಪಾತದ ಹೊಸ ವಿಧಾನವೊಂದನ್ನು ತೋರಿಸಿಕೊಡುವ ಕೂಟಕ್ಕೆ 1972ರಲ್ಲಿ ತಮ್ಮ ಮನೆಯನ್ನೇ ಬಿಟ್ಟುಕೊಟ್ಟರು. ಅದೇ ವರ್ಷ ಅತ್ಯಾಚಾರದಿಂದ ಬಸುರಾಗಿ ಗರ್ಭಪಾತ ಮಾಡಿಸಿಕೊಂಡ ಬಾಲಕಿಯ ಮೊಕದ್ದಮೆ ಬೋಬಿನ್ಯಿ ನ್ಯಾಯಾಲಯಕ್ಕೆ ಬಂದಾಗ ಸಾಕ್ಷಿಕಟ್ಟೆ ಹತ್ತಿದರು. 1975ರ ಜನವರಿಯಲ್ಲಿ ಕಾನೂನು ಬದಲಾಯಿತು.

ಇದರ ನಡುವೆ ಅವರ ಕೈಗೆ ವಿಡಿಯೊ ಕ್ಯಾಮೆರಾ ಬಂತು. ಸ್ವಿಟ್ಜರ್ಲೆಂಡಿನಿಂದ ಬಂದಿದ್ದ ಕರೋಲ್ ರುಸೊಪುಲೋಸ್, ಹೆಗಲಿಗೆ ನೇತುಹಾಕಿಕೊಂಡು ಹೋಗಬಹುದಾದ ಸೋನಿ ಪೋರ್ಟಾಪ್ಯಾಕ್ ಯಂತ್ರವನ್ನು ಫ್ರಾನ್ಸಿನಲ್ಲಿ ಮೊಟ್ಟಮೊದಲು ಕೊಂಡವರಲ್ಲಿ ಒಬ್ಬರು. ಮಹಿಳೆಯರಿಗೆ ಅದನ್ನು ಬಳಸಲು ಕಲಿಸುತ್ತಿದ್ದರು. ಸೆರಿಗ್ ತಮ್ಮ ಬಾಲ್ಯದ ಗೆಳತಿ ಯೊವಾನಾ ವೀಡರ್ ಜೊತೆ ಕಲಿಯಲು ಹೋದರು. ಈ ಯಂತ್ರ ಯಾಕೆ ಮುಖ್ಯ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಫಿಲ್ಮ್ ಎಂದರೆ ಹಣ, ಲ್ಯಾಬು, ದೊಡ್ಡ ತಂಡ, ಮೇಲೊಬ್ಬ ನಿರ್ಮಾಪಕ. ವಿಡಿಯೊ ಟೇಪಿಗೆ ಇಬ್ಬರು ಸಾಕು. ತೆಗೆದದ್ದನ್ನು ಆಗಲೇ ಹಾಕಿ ನೋಡಬಹುದು, ಚಿತ್ರದಲ್ಲಿರುವವರಿಗೂ ತೋರಿಸಬಹುದು, ಬೇಡವೆಂದರೆ ಅಳಿಸಬಹುದು. ಎಲ್ಲಕ್ಕಿಂತ ಮಿಗಿಲಾಗಿ, ಇದು ಹೀಗೇ ಇರಬೇಕು ಎಂದು ಕಲಿಸುವ ಗುರುಗಳಾಗಲಿ ಗುರುಪರಂಪರೆಯಾಗಲಿ ವಿಡಿಯೊಕ್ಕೆ ಇನ್ನೂ ಹುಟ್ಟಿರಲಿಲ್ಲ. ಗಂಡಸರು ಬೇಲಿ ಹಾಕುವ ಮೊದಲೇ ಈ ಹೆಂಗಸರು ಹೊಲಕ್ಕಿಳಿದರು.

1975ರ ಮೇ ತಿಂಗಳ ಕಾನ್ ಉತ್ಸವದಲ್ಲಿ ಸೆರಿಗ್ ಅವರ ಮೂರು ಚಿತ್ರಗಳಿದ್ದವು, ಮೂರನ್ನೂ ನಿರ್ದೇಶಿಸಿದವರು ಮಹಿಳೆಯರು. ಲಿಲಿಯಾನ್ ದ ಕೆರ್ಮಾದೆಕ್ ಅವರ 'ಅಲೋಯಿಸ್', ಮಾರ್ಗರಿತ್ ದ್ಯುರಾಸ್ ಅವರ 'ಇಂಡಿಯಾ ಸಾಂಗ್', ಶಾಂತಾಲ್ ಆಕರ್ಮನ್ ಅವರ 'ಝಾನ್ ಡೀಲ್ಮನ್'.

'ಇಂಡಿಯಾ ಸಾಂಗ್' ನಡೆಯುವುದು 1937ರ ಕಲ್ಕತ್ತಾದ ಫ್ರೆಂಚ್ ರಾಯಭಾರಿಯ ಬಂಗಲೆಯಲ್ಲಿ. ಆದರೆ ಕಲ್ಕತ್ತಾದ ಒಂದೇ ಒಂದು ಚೌಕಟ್ಟೂ ಅದರಲ್ಲಿಲ್ಲ; ಚಿತ್ರೀಕರಣವೆಲ್ಲ ಫ್ರಾನ್ಸಿನಲ್ಲೇ, ಬಹುಪಾಲು ಪ್ಯಾರಿಸ್ ಅಂಚಿನ ಪಾಳುಬಿದ್ದ ರಾಥ್‌ಶೀಲ್ಡ್ ಬಂಗಲೆಯಲ್ಲಿ. ರಾಯಭಾರಿಯ ಹೆಂಡತಿ ಆನ್-ಮರಿಯಾಗಿ ಸೆರಿಗ್ ದೊಡ್ಡ ಕನ್ನಡಿಯ ಮುಂದೆ ನಿಧಾನಕ್ಕೆ ನರ್ತಿಸುತ್ತಾರೆ. ಮಾತೆಲ್ಲ ಕೇಳಿಸುತ್ತದೆ, ತುಟಿ ಮಾತ್ರ ಯಾರದ್ದೂ ಅಲುಗುವುದಿಲ್ಲ. ಮೊದಲೇ ಧ್ವನಿಮುದ್ರಿಸಿದ ಸಂಭಾಷಣೆಯನ್ನು ಚಿತ್ರೀಕರಣದ ವೇಳೆ ಹಾಕಿ, ನಟರು ತಮ್ಮದೇ ದನಿಯನ್ನು ಕೇಳುತ್ತ ಮೌನವಾಗಿ ಚಲಿಸಬೇಕಾಗಿತ್ತು. ಬಂಗಲೆಯ ಹೊರಗಿನ ಭಿಕಾರಿಣಿಯೊಬ್ಬಳ ಹಾಡು, ಕೂಗು ಆಗಾಗ ಒಳಗೆ ತೂರಿಬರುತ್ತದೆ. ಭಾರತದ ನೋಡುಗರಿಗೆ ಇಲ್ಲಿ ಸಹಜವಾಗಿಯೇ ಒಂದು ಕಿರಿಕಿರಿಯಾಗುತ್ತದೆ: ನಮ್ಮ ದೇಶ ಇಲ್ಲಿ ಬರೀ ಸೆಕೆ, ಕುಷ್ಠ, ಹಸಿವು ಎಂಬ ಪದಗಳಾಗಿ ಉಳಿದಿದೆ. ಆದರೂ ವಸಾಹತಿನ ಯಜಮಾನರು ಹೊರಗಿನ ದೇಶವನ್ನು ನೋಡದೆ, ಗೋಡೆಯೊಳಗೆ ಕೂತು ಕೊಳೆತದ್ದನ್ನು ಇಷ್ಟು ಕಟುವಾಗಿ ತೋರಿಸಿದ ಯುರೋಪಿನ ಚಿತ್ರ ಇನ್ನೊಂದನ್ನು ನಾನು ಕಂಡಿಲ್ಲ. ಮರುವರ್ಷ ದ್ಯುರಾಸ್ ಇದೇ ಧ್ವನಿಪಟ್ಟಿಯನ್ನು ಹಾಗೆಯೇ ಇಟ್ಟುಕೊಂಡು, ಪಾಳು ಬಂಗಲೆಯ ಹೆಚ್ಚುಕಡಿಮೆ ನಿರ್ಜನ ಚಿತ್ರಗಳನ್ನು ಜೋಡಿಸಿ ಮತ್ತೊಂದು ಚಿತ್ರವನ್ನೇ ಮಾಡಿದರು.

'ಝಾನ್ ಡೀಲ್ಮನ್' ಇದಕ್ಕೆ ತದ್ವಿರುದ್ಧ. ಆಕರ್ಮನ್‌ಗೆ ಆಗ 24 ವರ್ಷ. 3 ಗಂಟೆ 21 ನಿಮಿಷದ ಚಿತ್ರ. ತಂಡದಲ್ಲಿ ಬಹುಪಾಲು ಮಹಿಳೆಯರು, ಕ್ಯಾಮೆರಾ ಬಾಬೆತ್ ಮಾಂಗೋಲ್ತ್. ಬ್ರಸೆಲ್ಸ್ ನಗರದ ಫ್ಲ್ಯಾಟಿನಲ್ಲಿ ಮಗನೊಡನೆ ಇರುವ ವಿಧವೆಯ ಮೂರು ದಿನಗಳು. ಕ್ಯಾಮೆರಾ ಒಂದೆಡೆ ನಿಂತರೆ ಅಲುಗುವುದಿಲ್ಲ, ಮುಖದ ಹತ್ತಿರ ಹೋಗುವುದಿಲ್ಲ. ಅವಳು ಆಲೂಗಡ್ಡೆ ಬೇಯಿಸಲು ಇಡುತ್ತಾಳೆ, ಅದು ಬೇಯುವಷ್ಟರಲ್ಲಿ ಕರೆಗಂಟೆ, ಗಿರಾಕಿ. ಅವನು ಕೊಟ್ಟ ಹಣ ಊಟದ ಮೇಜಿನ ಮೇಲಿನ ಸೂಪಿನ ಪಾತ್ರೆಗೆ. ಸ್ನಾನದ ತೊಟ್ಟಿ ಉಜ್ಜುತ್ತಾಳೆ, ಮಗನ ಬೂಟು ತಿಕ್ಕುತ್ತಾಳೆ, ಕೋಣೆ ಬಿಟ್ಟಾಗಲೆಲ್ಲ ದೀಪ ಆರಿಸುತ್ತಾಳೆ. ಎರಡನೆಯ ದಿನ ಆಲೂಗಡ್ಡೆ ಹೆಚ್ಚು ಬೆಂದುಹೋಗುತ್ತದೆ. ಅಷ್ಟೇ. ಆದರೆ ಮೊದಲ ದಿನದ ಲಯಕ್ಕೆ ಒಗ್ಗಿಹೋದ ನಮಗೆ, ಆ ಪಾತ್ರೆ ಹಿಡಿದು ಎಲ್ಲಿಡಬೇಕೆಂದು ತೋಚದೆ ಮನೆಯೆಲ್ಲ ಓಡಾಡುವ ಹೆಂಗಸನ್ನು ನೋಡಿ ಎದೆ ಹೊಡೆದುಕೊಳ್ಳುತ್ತದೆ. ಮೂರನೆಯ ದಿನ ಏನಾಗುತ್ತದೆ ಎಂಬುದನ್ನು ಇಲ್ಲಿ ಹೇಳುವುದಿಲ್ಲ.

ಈ ಚಿತ್ರೀಕರಣವನ್ನು ಸೆರಿಗ್ ಅವರ ಸಂಗಾತಿ, ನಟ ಸಾಮಿ ಫ್ರೇ ವಿಡಿಯೊದಲ್ಲಿ ದಾಖಲಿಸಿದ್ದಾರೆ. ಅದು ಸಿಕ್ಕಿದರೆ ತಪ್ಪದೆ ನೋಡಬೇಕು. ನಟನೆಯನ್ನು ಕುರಿತ ಪಾಠ ಇಷ್ಟು ಬಿಚ್ಚುಮನಸ್ಸಿನಿಂದ ನಡೆದದ್ದು ಅಪರೂಪ. ಹೆಸರಾಂತ ನಟಿ ತನಗಿಂತ ಹದಿನೆಂಟು ವರ್ಷ ಚಿಕ್ಕ ನಿರ್ದೇಶಕಿಯನ್ನು ಮತ್ತೆಮತ್ತೆ ಕೇಳುತ್ತಾರೆ: ಈಕೆ ಈ ಕ್ಷಣ ಏನು ಯೋಚಿಸುತ್ತಿದ್ದಾಳೆ? ಇಲ್ಲಿ ಯಾಕೆ ನಿಧಾನ? ಆಕರ್ಮನ್‌ಗೆ ಚಲನೆ ಗೊತ್ತು, ಕಾರಣ ಹೇಳಲು ಬಾರದು. ಸೆರಿಗ್‌ಗೆ ಕಾರಣವಿಲ್ಲದೆ ಕೈ ಎತ್ತಲು ಆಗದು. ಇಬ್ಬರೂ ಮಣಿಯುವುದಿಲ್ಲ, ಇಬ್ಬರೂ ಸಿಟ್ಟಾಗುವುದಿಲ್ಲ. ಒಂದೊಂದು ಚಲನೆಯೂ ಹೀಗೆ ಚರ್ಚೆಯಲ್ಲಿ ಪಳಗಿದ್ದು. ಮಾರಿಯನ್‌ಬಾದ್‌ನ ಬೆಡಗಿ ಪಾತ್ರೆ ತೊಳೆದದ್ದರಿಂದಲೇ ಜಗತ್ತು ಪಾತ್ರೆ ತೊಳೆಯುವುದನ್ನು ಕಣ್ಣುಬಿಟ್ಟು ನೋಡಿತು ಎಂಬ ಅರ್ಥದ ಮಾತನ್ನು ಆಕರ್ಮನ್ ಕೂಡ ಹೇಳಿದ್ದಾರೆ. ಬ್ರಿಟನ್ನಿನ 'ಸೈಟ್ ಅಂಡ್ ಸೌಂಡ್' ಪತ್ರಿಕೆ ಹತ್ತು ವರ್ಷಕ್ಕೊಮ್ಮೆ ನಡೆಸುವ ವಿಮರ್ಶಕರ ಮತದಾನದಲ್ಲಿ 2022ರಲ್ಲಿ 'ಝಾನ್ ಡೀಲ್ಮನ್' ಮೊದಲ ಸ್ಥಾನಕ್ಕೇರಿತು. ಅಲ್ಲಿಯವರೆಗೆ 'ಬೈಸಿಕಲ್ ಥೀವ್ಸ್', 'ಸಿಟಿಜನ್ ಕೇನ್', 'ವರ್ಟಿಗೊ' ಕೂತಿದ್ದ ಜಾಗ ಅದು. ಮಹಿಳೆಯೊಬ್ಬರ ಚಿತ್ರ ಅಲ್ಲಿಗೆ ತಲುಪಿದ್ದು ಅದೇ ಮೊದಲು.

1975 ವಿಶ್ವಸಂಸ್ಥೆಯ ಅಂತರರಾಷ್ಟ್ರೀಯ ಮಹಿಳಾ ವರ್ಷ. ಅದು ಮುಗಿಯುವ ಹೊತ್ತಿಗೆ ಫ್ರೆಂಚ್ ಟಿವಿಯಲ್ಲಿ ಬರ್ನಾರ್ ಪಿವೊ ಒಂದು ಕಾರ್ಯಕ್ರಮ ನಡೆಸಿದರು: ಸದ್ಯ, ಮಹಿಳಾ ವರ್ಷ ಮುಗಿಯಿತಲ್ಲ ಎಂಬ ಧಾಟಿಯದು. ಅತಿಥಿ, ಮಹಿಳೆಯರ ಸ್ಥಿತಿಗತಿ ನೋಡಿಕೊಳ್ಳುವ ಸಚಿವೆ ಫ್ರಾಂಸ್ವಾಝ್ ಜಿರೂ. ('ಹೊಸ ಅಲೆ' ಎಂಬ ಹೆಸರನ್ನು ಚಾಲ್ತಿಗೆ ತಂದ ಪತ್ರಕರ್ತೆ ಇವರೇ.) ಹೆಂಗಸರನ್ನು ಹಳಿಯುವ ಗಂಡಸರ ಮಾತಿಗೆ ಸಚಿವೆ ನಗುನಗುತ್ತ ಹೊಂದಿಕೊಳ್ಳುತ್ತಾರೆ. ಸೆರಿಗ್, ರುಸೊಪುಲೋಸ್, ವೀಡರ್ ಮತ್ತು ನಾದ್ಯಾ ರಿಂಗಾರ್ ಆ ಕಾರ್ಯಕ್ರಮವನ್ನು ಟೇಪಿಗಿಳಿಸಿಕೊಂಡು, ಮಾತನ್ನು ನಡುವೆ ನಿಲ್ಲಿಸಿ, ಅದೇ ಸಾಲನ್ನು ಮತ್ತೆಮತ್ತೆ ಹಾಕಿ, ಕೈಬರಹದ ಫಲಕಗಳಲ್ಲಿ ಉತ್ತರ ಕೊಟ್ಟು, ಹಾಡು ಸೇರಿಸಿ ಹೊಸ ಚಿತ್ರ ಮಾಡಿದರು. ಇವತ್ತು ಮೊಬೈಲಿನಲ್ಲಿ ಮಕ್ಕಳೂ ಮಾಡುವ ಕೆಲಸ. 1976ರಲ್ಲಿ ಟಿವಿಗೆ ಎದುರು ಮಾತಾಡಬಹುದೆಂಬ ಯೋಚನೆಯೇ ಹೊಸದು. ಅದೇ ವರ್ಷದ 'ಸ್ಕಮ್ ಮ್ಯಾನಿಫೆಸ್ಟೊ'ದಲ್ಲಿ ಸೆರಿಗ್ ವ್ಯಾಲರಿ ಸೊಲಾನಸ್ ಬರಹವನ್ನು ಓದಿ ಹೇಳುತ್ತಾರೆ, ರುಸೊಪುಲೋಸ್ ಟೈಪ್ ಮಾಡುತ್ತಾರೆ; ನಡುವೆ ಇಟ್ಟ ಟಿವಿಯಲ್ಲಿ ಯುದ್ಧಗಳ ಸುದ್ದಿ. ಸೊಲಾನಸ್ ಬರಹದ ಗಂಡುದ್ವೇಷವನ್ನು ನಾನು ಒಪ್ಪಲಾರೆ. ಆದರೆ ಆ ಟಿವಿಯ ಎದುರು ಆ ಶಾಂತ ದನಿ ಓದುವಾಗ ಎದ್ದುಹೋಗಲೂ ಆಗುವುದಿಲ್ಲ.

'ಚೆಂದವಾಗಿರು...' ಬಿಡುಗಡೆಯಾದದ್ದು 1981ರಲ್ಲಿ. ಕ್ಯಾಮೆರಾ ರುಸೊಪುಲೋಸ್ ಅವರದು. 'ಲಾಸ್ಟ್ ಟ್ಯಾಂಗೊ'ದಲ್ಲಿ ನಟಿಸಿದ್ದ ಮರಿಯಾ ಶ್ನೈಡರ್, ತನಗೆ ಸಿಗುವುದೆಲ್ಲ ತನಗಿಂತ ಬಹಳ ದೊಡ್ಡ ಗಂಡಸರ ಜೊತೆಗಿನ ಪಾತ್ರಗಳು ಎಂದು ಹೇಳುವಾಗ ಇಪ್ಪತ್ತರ ಹರೆಯದಲ್ಲೇ ದಣಿದಂತೆ ಕಾಣುತ್ತಾರೆ. ಕಪ್ಪು ವರ್ಣದ ಹಿರಿಯ ನಟಿ ಮೇಡಿ ನಾರ್ಮನ್, ತಮ್ಮ ಪಾಲಿಗೆ ಬಂದ ಮನೆಗೆಲಸದವಳ ಪಾತ್ರಗಳ ಕಥೆ ಹೇಳುತ್ತಾರೆ. ಸೆರಿಗ್ ನಡುವೆ ಬಾಯಿ ಹಾಕುವುದಿಲ್ಲ. ತಮ್ಮ ದುಃಖ ಹೇಳಿಕೊಳ್ಳುವುದಿಲ್ಲ, ಬುದ್ಧಿ ಹೇಳುವುದಿಲ್ಲ. ಯುರೋಪು ಕಿವಿಗೊಟ್ಟು ಕೇಳುತ್ತಿದ್ದ ಆ ದನಿಯನ್ನು ಅವರು ಇಲ್ಲಿ ಬರೀ ಪ್ರಶ್ನೆಗೆ ಮೀಸಲಿಟ್ಟರು. ನಿರ್ದೇಶಕಿಯಾಗಿ ಅವರು ಮಾಡಿದ ದೊಡ್ಡ ಆಯ್ಕೆ ಇದು ಎಂದು ನಾನು ನಂಬುತ್ತೇನೆ.

1982ರಲ್ಲಿ ಸೆರಿಗ್, ರುಸೊಪುಲೋಸ್, ವೀಡರ್ ಸೇರಿ ಪ್ಯಾರಿಸ್ಸಿನಲ್ಲಿ ಸಿಮೋನ್ ದ ಬೊವಾ ದೃಶ್ಯ-ಶ್ರವ್ಯ ಕೇಂದ್ರ ತೆರೆದರು. ಮಹಿಳೆಯರ ಹೋರಾಟದ ಟೇಪುಗಳು ಕಪಾಟಿನಲ್ಲಿ ಬೂಸ್ಟು ಹಿಡಿಯದಂತೆ ಕಾಪಾಡುವುದು, ಹೊಸದನ್ನು ಮಾಡುವುದು ಅದರ ಕೆಲಸ. 1993ರಲ್ಲಿ ಮುಚ್ಚಿತು, ಹತ್ತು ವರ್ಷದ ನಂತರ ಮತ್ತೆ ಬಾಗಿಲು ತೆರೆಯಿತು, ಈಗಲೂ ನಡೆಯುತ್ತಿದೆ. ಅತ್ತ ನಟನೆಯೂ ನಿಲ್ಲಲಿಲ್ಲ: ಆಕರ್ಮನ್‌ರ ಸಂಗೀತಮಯ 'ಗೋಲ್ಡನ್ ಏಯ್ಟೀಸ್', ಜರ್ಮನಿಯ ಉಲ್ರಿಕೆ ಓಟಿಂಗರ್ ಅವರ ಮೂರು ಚಿತ್ರಗಳು. ಕೊನೆಯದಾದ 1989ರ 'ಮಂಗೋಲಿಯಾದ ಜೋನ್'ನಲ್ಲಿ ಅವರು ಸೈಬೀರಿಯಾದ ರೈಲು ಹತ್ತಿ ಹುಲ್ಲುಗಾವಲಿಗೆ ಹೋಗುವ ಇಂಗ್ಲಿಷ್ ಮಾನವಶಾಸ್ತ್ರಜ್ಞೆ.

ಕೈಗೂಡದೆ ಉಳಿದದ್ದು ಒಂದು. ಅಮೆರಿಕದ ಪಶ್ಚಿಮದ ಕುದುರೆ ಸವಾರೆ ಕ್ಯಾಲಮಿಟಿ ಜೇನ್ ತನ್ನ ಮಗಳಿಗೆ ಬರೆದವೆನ್ನಲಾದ ಪತ್ರಗಳನ್ನು ಆಧರಿಸಿ ಕಥಾಚಿತ್ರ ಮಾಡಬೇಕೆಂದು ಸೆರಿಗ್ ವರ್ಷಗಟ್ಟಲೆ ಹಂಬಲಿಸಿದರು. 1983ರಲ್ಲಿ ಬಾಬೆತ್ ಮಾಂಗೋಲ್ತ್ ಜೊತೆ ಮೊಂಟಾನಾದವರೆಗೆ ಹೋಗಿ ಸುಳಿವು ಹುಡುಕಿದರು. ಚಿತ್ರ ಆಗಲೇ ಇಲ್ಲ. 1990ರ ಅಕ್ಟೋಬರ್ 15ರಂದು, 58ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಮಾಂಗೋಲ್ತ್ ಆ ಪಯಣದ ದೃಶ್ಯಗಳನ್ನು ಸುಮಾರು ನಾಲ್ಕು ದಶಕಗಳ ಬಳಿಕ ಜೋಡಿಸಿ ಸಾಕ್ಷ್ಯಚಿತ್ರವಾಗಿಸಿದರು. ರುಸೊಪುಲೋಸ್ ಅವರ ಮೊಮ್ಮಗಳು ಕಾಲಿಸ್ತೊ ಮಕ್‌ನಲ್ಟಿ ಇಬ್ಬರು ಗೆಳತಿಯರ ಕಥೆಯನ್ನು 2019ರಲ್ಲಿ 'ಡೆಲ್ಫೀನ್ ಮತ್ತು ಕರೋಲ್' ಎಂಬ ಚಿತ್ರವಾಗಿ ತಂದರು.

ಹೊಸದಾಗಿ ನೋಡಲು ಹೊರಟವರು ಮಾರಿಯನ್‌ಬಾದ್‌ನಿಂದ ಶುರುಮಾಡಬೇಡಿ; ಎದ್ದುಹೋಗುವ ಅಪಾಯವಿದೆ. 'ಕದ್ದ ಮುತ್ತುಗಳು' ಹಿತವಾದ ಬಾಗಿಲು. ಅಲ್ಲಿಂದ 'ಮ್ಯೂರಿಯೆಲ್'. 'ಝಾನ್ ಡೀಲ್ಮನ್'ಗೆ ಒಂದು ಇಡೀ ಮಧ್ಯಾಹ್ನ ಬೇಕು, ಕಂತುಗಳಲ್ಲಿ ನೋಡಿದರೆ ಅದರ ಲಯವೇ ಸಿಗುವುದಿಲ್ಲ. ಆಮೇಲೆ ಸಾಮಿ ಫ್ರೇ ದಾಖಲೆ. ಇಷ್ಟಾದ ಮೇಲೆ 'ಚೆಂದವಾಗಿರು, ಬಾಯಿ ಮುಚ್ಚಿಕೊಂಡಿರು' ನೋಡಿ. ಪ್ರಶ್ನೆ ಕೇಳುತ್ತಿರುವ ದನಿ ಯಾರದ್ದೆಂದು ಆಗ ಯಾರೂ ಹೇಳಿಕೊಡಬೇಕಾಗುವುದಿಲ್ಲ.